ಕ್ಯಾಮೆರಾ ಟ್ರ್ಯಾಕಿಂಗ್‌ನಲ್ಲಿ ಸಂಗಮದೂರ ಮತ್ತು ನೋಟಕೋನ

ಸಂಗಮದೂರ ಮತ್ತು ನೋಟಕೋನ ಎಂಬುವು ಕ್ಯಾಮೆರಾದ ಚೌಕಟ್ಟಿನೊಳಗೆ ದೃಶ್ಯದ ಎಷ್ಟು ಭಾಗ ಬರುತ್ತದೆ, ಅದು ಎಷ್ಟು ದೊಡ್ಡದಾಗಿ ಮೂಡುತ್ತದೆ ಎಂಬುದನ್ನು ನಿರ್ಧರಿಸುವ, ಒಂದಕ್ಕೊಂದು ಕಟ್ಟುಬಿದ್ದ ಎರಡು ಅಳತೆಗಳು. ಚಿತ್ರೀಕರಿಸಿದ ದೃಶ್ಯದಿಂದಲೇ ಕ್ಯಾಮೆರಾದ ಸ್ಥಾನ, ದಿಕ್ಕು ಮತ್ತು ಚಲನೆಯನ್ನು ಗಣಿತದ ಮೂಲಕ ಮರಳಿ ಪಡೆಯುವ ಕ್ರಿಯೆಗೆ ಕ್ಯಾಮೆರಾ ಟ್ರ್ಯಾಕಿಂಗ್ ಅಥವಾ ಮ್ಯಾಚ್‌ಮೂವ್ ಎಂದು ಹೆಸರು. ಕಂಪ್ಯೂಟರ್‌ನಲ್ಲಿ ರಚಿಸಿದ ಕಟ್ಟಡ, ಪ್ರಾಣಿ, ವಾಹನಗಳು ನಿಜವಾದ ದೃಶ್ಯದೊಳಗೆ ಜಾರದೆ, ತೇಲದೆ ನಿಲ್ಲಬೇಕಾದರೆ ಈ ಕ್ರಿಯೆಯಲ್ಲಿ ನೋಟಕೋನ ಸರಿಯಾಗಿ ಸಿಕ್ಕಿರಬೇಕು.

ಪರಿಭಾಷೆ

ದೂರದ ವಸ್ತುವಿನಿಂದ ಸಮಾಂತರವಾಗಿ ಬಂದ ಬೆಳಕಿನ ಕಿರಣಗಳು ಲೆನ್ಸ್ ದಾಟಿ ಒಂದೆಡೆ ಸೇರುತ್ತವೆ. ಲೆನ್ಸ್‌ನ ಹಿಂಬದಿಯ ಪ್ರಧಾನ ಬಿಂದುವಿನಿಂದ ಆ ಜಾಗಕ್ಕಿರುವ ದೂರವೇ ಸಂಗಮದೂರ. ಸ್ಟುಡಿಯೋಗಳ ಮಾತಿನಲ್ಲಿ ಇದು ಫೋಕಲ್ ಲೆಂತ್. ಇದು ಲೆನ್ಸ್‌ನ ಗುಣ; ಲೆನ್ಸ್‌ನ ಹಿಂದೆ ಯಾವ ಕ್ಯಾಮೆರಾ ಇದ್ದರೂ ಬದಲಾಗುವುದಿಲ್ಲ.

ನೋಟಕೋನ ಹಾಗಲ್ಲ. ಚೌಕಟ್ಟಿನ ಎರಡು ಅಂಚುಗಳು ಲೆನ್ಸ್‌ನ ಬಳಿ ಮಾಡುವ ಈ ಕೋನ ಲೆನ್ಸ್ ಮತ್ತು ಸೆನ್ಸರ್ ಎರಡನ್ನೂ ಅವಲಂಬಿಸಿದೆ. ಅಡ್ಡ, ಲಂಬ, ಕರ್ಣ ಎಂದು ಇದನ್ನು ಮೂರು ಬಗೆಯಲ್ಲಿ ಅಳೆಯುತ್ತಾರೆ. ಯಾವ ಬಗೆ ಎಂದು ಹೇಳದೆ ಕೊಟ್ಟ ನೋಟಕೋನ ಅಪೂರ್ಣ ಮಾಹಿತಿ. 36 × 24 ಮಿ.ಮೀ. ಸೆನ್ಸರ್‌ನ ಮುಂದಿನ 50 ಮಿ.ಮೀ. ಲೆನ್ಸ್‌ಗೆ ಅಡ್ಡ ನೋಟಕೋನ 39.6 ಡಿಗ್ರಿ, ಲಂಬ ನೋಟಕೋನ 27 ಡಿಗ್ರಿ, ಕರ್ಣದ್ದು 46.8 ಡಿಗ್ರಿ. ಈ ಲೇಖನದಲ್ಲಿ ಬೇರೆ ಸೂಚನೆ ಇಲ್ಲದೆಡೆ ನೋಟಕೋನವೆಂದರೆ ಅಡ್ಡ ನೋಟಕೋನ. ನಿರ್ದಿಷ್ಟ ದೂರದಲ್ಲಿ ಕ್ಯಾಮೆರಾಗೆ ಕಾಣುವ ಅಗಲವನ್ನು ಮೀಟರ್‌ಗಳಲ್ಲಿ ಹೇಳಿದಾಗ ಅದು ನೋಟಕ್ಷೇತ್ರ. ಬಳಕೆಯಲ್ಲಿ ಇವೆರಡನ್ನೂ ಬೆರೆಸುವುದುಂಟು.

ಮೂಲ ಮತ್ತು ಬೆಳವಣಿಗೆ

ಛಾಯಾಚಿತ್ರದಿಂದ ಅಳತೆ ತೆಗೆಯುವ ಕೆಲಸ ಸಿನಿಮಾಗಿಂತ ಹಳೆಯದು. ಫ್ರಾನ್ಸಿನ ಸೇನಾಧಿಕಾರಿ ಎಮೆ ಲೋಸೆದಾ 19ನೆಯ ಶತಮಾನದ ನಡುಭಾಗದಲ್ಲಿ ಛಾಯಾಚಿತ್ರಗಳಿಂದ ನಕ್ಷೆ ಬಿಡಿಸುವ ಪ್ರಯೋಗ ನಡೆಸಿದ್ದ. ಜರ್ಮನಿಯ ವಾಸ್ತುಶಿಲ್ಪಿ ಆಲ್‌ಬ್ರೆಕ್ಟ್ ಮೈಡೆನ್‌ಬಾವರ್ 1867ರಲ್ಲಿ ಈ ವಿದ್ಯೆಗೆ ಫೋಟೋಗ್ರಾಮೆಟ್ರಿ ಎಂಬ ಹೆಸರನ್ನು ಬಳಕೆಗೆ ತಂದ. ಒಳ ಅಳತೆಗಳು ಗೊತ್ತಿರುವ ಕ್ಯಾಮೆರಾದ ಎರಡು ಚಿತ್ರಗಳಲ್ಲಿ ಐದು ಸಮಾನ ಬಿಂದುಗಳಿದ್ದರೆ ಸಾಪೇಕ್ಷ ಸ್ಥಾನಗಳಿಗೆ ಸಿಗುವ ಉತ್ತರಗಳು ಬೆರಳೆಣಿಕೆಯಷ್ಟೇ ಎಂದು ಆಸ್ಟ್ರಿಯಾದ ಎರ್ವಿನ್ ಕ್ರುಪ್ಪಾ 1913ರಲ್ಲಿ ತೋರಿಸಿದ. ಇಲ್ಲೆಲ್ಲ ಸಂಗಮದೂರ ಮೊದಲೇ ತಿಳಿದಿರುವ ಸಂಗತಿ. ಭೂಮಾಪನದ ಕ್ಯಾಮೆರಾಗಳನ್ನು ಅಳೆದು ಪ್ರಮಾಣೀಕರಿಸಿಯೇ ಬಳಸುತ್ತಿದ್ದರು.

ಸಂಗಮದೂರ ತಿಳಿಯದಿದ್ದರೂ ಚಿತ್ರಗಳಿಂದಲೇ ಅದನ್ನು ಪಡೆಯಬಹುದೆಂಬ ಚಿಂತನೆ ಗಟ್ಟಿಯಾದದ್ದು ಕಂಪ್ಯೂಟರ್ ದೃಷ್ಟಿ ವಿಜ್ಞಾನದಲ್ಲಿ. ಒಲಿವಿಯೆ ಫೋಜೆರಾ, ಕ್ವಾಂಗ್ ತುವಾನ್ ಲುವಾಂಗ್ ಮತ್ತು ಸ್ಟೀಫನ್ ಮೇಬ್ಯಾಂಕ್ 1992ರಲ್ಲಿ ಕ್ರುಪ್ಪಾನ ಸಮೀಕರಣಗಳನ್ನೇ ಬಳಸಿ ಸ್ವಯಂ ಮಾಪನದ ದಾರಿ ತೋರಿದರು. ಚದುರಂಗದ ಮಣೆಯಂಥ ಚೌಕುಳಿ ಹಾಳೆಯನ್ನು ಬೇರೆಬೇರೆ ಕೋನಗಳಿಂದ ಚಿತ್ರೀಕರಿಸಿ ಲೆನ್ಸ್ ಅಳೆಯುವ, ಇಂದಿಗೂ ಎಲ್ಲೆಡೆ ಚಾಲ್ತಿಯಲ್ಲಿರುವ ವಿಧಾನವನ್ನು ಝೆಂಗ್‌ಯೂ ಝಾಂಗ್ 2000ದಲ್ಲಿ ಪ್ರಕಟಿಸಿದರು.

ಚಿತ್ರರಂಗದಲ್ಲಿ ಈ ಕೆಲಸ ಬಹುಕಾಲ ಕೈಯಿಂದಲೇ ನಡೆಯಿತು. 1993ರ ‘ಜುರಾಸಿಕ್ ಪಾರ್ಕ್’ ಚಿತ್ರಕ್ಕೆ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನ ತಂಡ ಕಂಪ್ಯೂಟರಿನೊಳಗಿನ ಕ್ಯಾಮೆರಾವನ್ನು ಚೌಕಟ್ಟು ಚೌಕಟ್ಟಾಗಿ ದೃಶ್ಯಕ್ಕೆ ಹೊಂದಿಸಿತು. ಜರ್ಮನಿಯ ತ್ರೀಡಿ ಈಕ್ವಲೈಜರ್, 2001ರಲ್ಲಿ ಬಂದ ಆಕ್ಸ್‌ಫರ್ಡ್ ಮೂಲದ ಬೂಜೂ, ಆಮೇಲೆ ಪಿಎಫ್‌ಟ್ರ್ಯಾಕ್, ಸಿಂಥ್‌ಐಸ್ ಮೊದಲಾದ ತಂತ್ರಾಂಶಗಳು ಕೆಲಸವನ್ನು ಸ್ವಯಂಚಾಲಿತಗೊಳಿಸಿದವು. 2011ರ ಡಿಸೆಂಬರ್‌ನಲ್ಲಿ ಬ್ಲೆಂಡರ್ 2.61ರೊಂದಿಗೆ ಇದೇ ಸೌಲಭ್ಯ ಉಚಿತವಾಗಿ ದೊರೆಯಿತು. 2012ರ ಕಿರುಚಿತ್ರ ‘ಟಿಯರ್ಸ್ ಆಫ್ ಸ್ಟೀಲ್’ ಅದನ್ನು ಒರೆಗೆ ಹಚ್ಚಿತು.

ಗಣಿತದ ರಚನೆ

ಟ್ರ್ಯಾಕಿಂಗ್ ತಂತ್ರಾಂಶಕ್ಕೆ ಲೆನ್ಸ್ ಎಂಬುದು ಒಂದು ಸೂಜಿರಂಧ್ರ. ರಂಧ್ರದಿಂದ ಚಿತ್ರದ ಸಮತಲಕ್ಕಿರುವ ದೂರವೇ ಸಂಗಮದೂರ. ಮಧ್ಯರೇಖೆಯಿಂದ ಪಕ್ಕಕ್ಕಿರುವ ಬಿಂದುವೊಂದರ ದೂರವನ್ನು ಅದರ ಆಳದಿಂದ ಭಾಗಿಸಿ ಸಂಗಮದೂರದಿಂದ ಗುಣಿಸಿದರೆ ಆ ಬಿಂದು ಚಿತ್ರದಲ್ಲಿ ಎಲ್ಲಿ ಬೀಳುತ್ತದೆಂದು ತಿಳಿಯುತ್ತದೆ. ಸೆನ್ಸರ್ ಅಗಲದ ಅರ್ಧವನ್ನು ಸಂಗಮದೂರದಿಂದ ಭಾಗಿಸಿ, ಬಂದ ಬೆಲೆಯ ವಿಲೋಮ ಟ್ಯಾನ್ ತೆಗೆದು ಎರಡರಿಂದ ಗುಣಿಸಿದರೆ ನೋಟಕೋನ:

ನೋಟಕೋನ = 2 × ವಿಲೋಮ ಟ್ಯಾನ್ (ಸೆನ್ಸರ್ ಅಗಲ ÷ (2 × ಸಂಗಮದೂರ))

ಸೂತ್ರದಲ್ಲಿ ಬರುವುದು ಎರಡು ಉದ್ದಗಳ ಅನುಪಾತ ಮಾತ್ರ. ಸಂಗಮದೂರ, ಸೆನ್ಸರ್ ಅಗಲ ಎರಡನ್ನೂ ದುಪ್ಪಟ್ಟು ಮಾಡಿದರೆ ಚಿತ್ರ ಕೂದಲೆಳೆಯಷ್ಟೂ ಬದಲಾಗದು. ಆದ್ದರಿಂದ ಯಾವ ತಂತ್ರಾಂಶವೂ ಚಿತ್ರವನ್ನಷ್ಟೇ ನೋಡಿ ಮಿಲಿಮೀಟರ್ ಲೆಕ್ಕದ ಸಂಗಮದೂರವನ್ನು ಹೇಳಲಾರದು. ಅದು ಕಂಡುಹಿಡಿಯುವುದು ನೋಟಕೋನವನ್ನು, ಅಂದರೆ ಪಿಕ್ಸೆಲ್‌ಗಳಲ್ಲಿ ಅಳೆದ ಸಂಗಮದೂರವನ್ನು. ಮಿಲಿಮೀಟರ್ ಸಂಖ್ಯೆ ಬಳಕೆದಾರ ಕೊಟ್ಟ ಸೆನ್ಸರ್ ಅಗಲದಿಂದ ಹುಟ್ಟಿದ್ದು.

ಸೂಪರ್ 35 ಚೌಕಟ್ಟಿನ ಅಗಲ 24.89 ಮಿ.ಮೀ. ಅದರ ಮುಂದೆ 35 ಮಿ.ಮೀ. ಲೆನ್ಸ್ ಹಾಕಿ 1920 ಪಿಕ್ಸೆಲ್ ಅಗಲದ ಚಿತ್ರ ತೆಗೆದರೆ ಸಂಗಮದೂರ 35 × 1920 ÷ 24.89, ಅಂದರೆ ಸುಮಾರು 2700 ಪಿಕ್ಸೆಲ್, ನೋಟಕೋನ 39.1 ಡಿಗ್ರಿ. ತಂತ್ರಾಂಶದಲ್ಲಿ ಸೆನ್ಸರ್ ಅಗಲ ಪೂರ್ವನಿಗದಿಯಾದ 36 ಮಿ.ಮೀ. ಎಂದೇ ಉಳಿದಿದ್ದರೆ, ಸಂಗಮದೂರವನ್ನು ತಾನೇ ಹುಡುಕಲು ಬಿಟ್ಟಾಗ ಅದು 50.6 ಮಿ.ಮೀ. ಎಂದು ವರದಿ ಮಾಡುತ್ತದೆ. ಸೆಟ್ಟಿನಲ್ಲಿ ಬಳಸಿದ್ದು 35 ಎಂದು ಗೊತ್ತಿರುವವರಿಗೆ ಇದು ತಪ್ಪೆಂದು ಕಾಣುತ್ತದೆ. ತಪ್ಪಲ್ಲ, 36ರ ಎದುರಿನ 50.6 ಮತ್ತು 24.89ರ ಎದುರಿನ 35 ಒಂದೇ ನೋಟಕೋನ. ನಿಜವಾದ ತಪ್ಪು ಆಗುವುದು ಸೆನ್ಸರ್ ಅಗಲವನ್ನು 36 ಎಂದೇ ಬಿಟ್ಟು ಸಂಗಮದೂರವನ್ನು 35ಕ್ಕೆ ಬಿಗಿದಾಗ. ಆಗ ನೋಟಕೋನ 54.4 ಡಿಗ್ರಿ ಆಗಿಬಿಡುತ್ತದೆ.

ಲೆನ್ಸ್‌ನ ಅಕ್ಷ ಚಿತ್ರವನ್ನು ಸಂಧಿಸುವ ಜಾಗ ಚಿತ್ರದ ಪ್ರಧಾನ ಬಿಂದು. ಇದು ಚೌಕಟ್ಟಿನ ನಟ್ಟನಡುವೆ ಇದೆ ಎಂದೇ ಸಾಮಾನ್ಯವಾಗಿ ಹಿಡಿಯುತ್ತಾರೆ. ಸಂಕಲನದ ಹಂತದಲ್ಲಿ ಚಿತ್ರವನ್ನು ಒಂದು ಬದಿಗೆ ಕತ್ತರಿಸಿದ್ದರೆ ಈ ಎಣಿಕೆ ಕೆಡುತ್ತದೆ. ಟ್ರ್ಯಾಕಿಂಗ್‌ಗೆ ಕತ್ತರಿಸದ ಮೂಲ ಚೌಕಟ್ಟನ್ನೇ ಕೇಳುವುದು ಇದೇ ಕಾರಣಕ್ಕೆ.

ನೋಟಕೋನ ಮತ್ತು ಆಳ

ತಪ್ಪು ನೋಟಕೋನದ ಪರಿಣಾಮ ಚಿತ್ರದ ಮೇಲೆ ನೇರವಾಗಿ ಕಾಣಿಸದೆ ಆಳದೊಳಗೆ ಅಡಗಿಕೊಳ್ಳುತ್ತದೆ. ಮೇಲಿನ ಉದಾಹರಣೆಯಲ್ಲಿ ಸಂಗಮದೂರ 2700 ಪಿಕ್ಸೆಲ್ ಬದಲು 1867 ಪಿಕ್ಸೆಲ್ ಎಂದು ಭಾವಿಸಿದಂತಾಯಿತು. ಅಗಲಗಳು ಸರಿಯಾಗಿಯೇ ಉಳಿಯುವಂತೆ ದೃಶ್ಯವನ್ನು ಕಟ್ಟಿದರೆ ಆಳವೆಲ್ಲ 0.69 ಪಟ್ಟಿಗೆ ಕುಗ್ಗುತ್ತದೆ. 10 ಮೀಟರ್ ಉದ್ದದ ಮೊಗಸಾಲೆ 6.9 ಮೀಟರ್ ಆಗುತ್ತದೆ. ಅದರ ಚಚ್ಚೌಕ ಕಂಬಗಳು ಚಪ್ಪಟೆಯಾಗುತ್ತವೆ. ಲಂಬಕೋನದಲ್ಲಿ ಸೇರುವ ಗೋಡೆಗಳು ಓರೆಯಾಗುತ್ತವೆ.

ಕ್ಯಾಮೆರಾ ತಿರುಗದೆ, ಟ್ರಾಲಿಯ ಮೇಲೆ ಸರಿದಿದ್ದಷ್ಟೇ ಆದರೆ ಈ ಕುಗ್ಗಿದ ದೃಶ್ಯವೂ ಚಿತ್ರಕ್ಕೆ ಚಾಚೂ ತಪ್ಪದೆ ಹೊಂದುತ್ತದೆ. ಆಳವನ್ನೂ ಆಳದ ದಿಕ್ಕಿನ ಚಲನೆಯನ್ನೂ ಸಂಗಮದೂರವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿದರೆ ಪ್ರತಿ ಬಿಂದುವೂ ಹಿಂದಿನ ಪಿಕ್ಸೆಲ್‌ನಲ್ಲೇ ಬೀಳುತ್ತದೆ. ಇಂಥ ಶಾಟ್‌ನಿಂದ ಸಂಗಮದೂರವನ್ನು ಪಡೆಯಲು ಸಾಧ್ಯವೇ ಇಲ್ಲ. ಅದು ತಂತ್ರಾಂಶದ ಕೊರತೆಯಲ್ಲ, ಮಾಹಿತಿಯೇ ಚಿತ್ರದಲ್ಲಿಲ್ಲ. ಟ್ರೈಪಾಡ್ ಮೇಲೆ ನಿಂತಲ್ಲೇ ತಿರುಗುವ ಕ್ಯಾಮೆರಾದ್ದು ಇದಕ್ಕೆ ತದ್ವಿರುದ್ಧ. ತಿರುಗಿದಾಗ ಚೌಕಟ್ಟಿನ ನಡುವಿನ ಬಿಂದುಗಳಿಗಿಂತ ಅಂಚಿನವು ಬೇರೆ ವೇಗದಲ್ಲಿ ಸರಿಯುವುದರಿಂದ ನೋಟಕೋನ ಸಿಗುತ್ತದೆ, ಆಳ ಮಾತ್ರ ಸಿಗುವುದಿಲ್ಲ. ತಿರುಗಿದ್ದು ಕೆಲವೇ ಡಿಗ್ರಿಯಾದರೆ ಆ ವ್ಯತ್ಯಾಸ ಟ್ರ್ಯಾಕಿಂಗ್‌ನ ಸಣ್ಣಪುಟ್ಟ ದೋಷಗಳಲ್ಲಿ ಮುಳುಗಿಹೋಗುತ್ತದೆ.

ಕ್ಯಾಮೆರಾ ಮತ್ತು ಬಿಂದುಗಳ ಸ್ಥಾನವನ್ನು ಲೆಕ್ಕಹಾಕುವ ಹಂತ, ಅಂದರೆ ಸಾಲ್ವ್, ಮುಗಿದಾಗ ತಂತ್ರಾಂಶ ತೋರಿಸುವ ಸರಾಸರಿ ದೋಷದ ಸಂಖ್ಯೆ, ಕಟ್ಟಿದ ದೃಶ್ಯವನ್ನು ಮತ್ತೆ ಚಿತ್ರದ ಮೇಲೆ ಬೀಳಿಸಿದರೆ ಬಿಂದುಗಳು ಎಷ್ಟು ಪಿಕ್ಸೆಲ್ ತಪ್ಪುತ್ತವೆ ಎಂಬುದನ್ನು ಹೇಳುತ್ತದೆ. ಒಂದು ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ಒಳ್ಳೆಯದೆನ್ನುವುದು ವಾಡಿಕೆ. ಮೇಲೆ ಹೇಳಿದ ಟ್ರಾಲಿ ಶಾಟ್‌ನಲ್ಲಿ ತಪ್ಪು ನೋಟಕೋನಕ್ಕೂ ಇದೇ ಕಡಿಮೆ ದೋಷ ಬರುವುದರಿಂದ, ಆ ಸಂಖ್ಯೆಯೊಂದನ್ನೇ ಪುರಾವೆಯಾಗಿ ಒಪ್ಪುವಂತಿಲ್ಲ. ದೃಶ್ಯದಲ್ಲಿ ಅಳತೆ ಗೊತ್ತಿರುವ ವಸ್ತುವೊಂದನ್ನು, ಉದಾಹರಣೆಗೆ ಬಾಗಿಲು ಅಥವಾ ನೆಲದ ಹಾಸುಗಲ್ಲನ್ನು, ಕಟ್ಟಿದ ದೃಶ್ಯದ ಮೇಲಿಟ್ಟು ನೋಡುವುದೇ ನಂಬತಕ್ಕ ಪರೀಕ್ಷೆ.

ಉದ್ದದ ಲೆನ್ಸ್ ಆಳವನ್ನು ಒತ್ತುತ್ತದೆ ಎಂಬ ಮಾತು ಛಾಯಾಗ್ರಾಹಕರಲ್ಲಿ ಪ್ರಚಲಿತ. ಅದು ಅರ್ಧಸತ್ಯ: ವಸ್ತುಗಳ ಸಾಪೇಕ್ಷ ಗಾತ್ರ ನಿರ್ಧಾರವಾಗುವುದು ಕ್ಯಾಮೆರಾ ನಿಂತ ಜಾಗದಿಂದ. ಲೆನ್ಸ್ ಮಾಡುವುದು ಚೌಕಟ್ಟನ್ನು ಕತ್ತರಿಸುವ ಕೆಲಸ. ಆಲ್‌ಫ್ರೆಡ್ ಹಿಚ್‌ಕಾಕ್‌ರ 1958ರ ‘ವರ್ಟಿಗೊ’ದಲ್ಲಿ ಪ್ರಸಿದ್ಧವಾದ ಡಾಲಿ ಜೂಮ್ ಎರಡನ್ನೂ ಏಕಕಾಲಕ್ಕೆ ಎದುರುಬದುರು ಬದಲಿಸಿ ಕಣ್ಣಿಗೆ ಭ್ರಮೆ ಹುಟ್ಟಿಸುತ್ತದೆ.

ಲೆನ್ಸ್‌ಗಳ ಬಗೆಗಳು

ಸ್ಥಿರ ಸಂಗಮದೂರದ ಪ್ರೈಮ್ ಲೆನ್ಸ್ ಟ್ರ್ಯಾಕಿಂಗ್‌ಗೆ ಅತ್ಯಂತ ಅನುಕೂಲ. ಇಡೀ ಶಾಟ್‌ಗೆ ಒಂದೇ ಸಂಗಮದೂರ ಹುಡುಕಿದರೆ ಸಾಕು. ಹಾಗಿದ್ದೂ ಅದರ ಮೇಲೆ ಕೆತ್ತಿದ ಸಂಖ್ಯೆ ದುಂಡಗೆ ಮಾಡಿದ್ದು. ಲೈಕಾದ ಹಳೆಯ 50 ಮಿ.ಮೀ. ಲೆನ್ಸ್‌ಗಳ ವಾಸ್ತವ ಸಂಗಮದೂರ 51.6 ಮಿ.ಮೀ. ಎಂಬುದು ಪ್ರಸಿದ್ಧ ಉದಾಹರಣೆ. ಫೋಕಸ್ ಬದಲಿಸಿದಾಗಲೂ ನೋಟಕೋನ ಅಲುಗುತ್ತದೆ. ಇದಕ್ಕೆ ಬ್ರೀದಿಂಗ್ ಎನ್ನುತ್ತಾರೆ. ಲೆನ್ಸ್ ಇಡಿಯಾಗಿ ಮುಂದೆ ಸರಿದು ಫೋಕಸ್ ಆಗುವ ಸರಳ ರಚನೆಯಲ್ಲಿ 50 ಮಿ.ಮೀ. ಲೆನ್ಸ್ ಒಂದು ಮೀಟರ್ ದೂರದ ವಸ್ತುವಿಗೆ ಫೋಕಸ್ ಆದಾಗ ಸೆನ್ಸರ್‌ನಿಂದ 52.6 ಮಿ.ಮೀ. ದೂರದಲ್ಲಿರುತ್ತದೆ, 39.6 ಡಿಗ್ರಿ ಇದ್ದ ನೋಟಕೋನ 37.8ಕ್ಕೆ ಇಳಿಯುತ್ತದೆ. ಒಳಭಾಗದ ಗಾಜುಗಳಷ್ಟೇ ಚಲಿಸುವ ಲೆನ್ಸ್‌ಗಳಲ್ಲಿ ಬದಲಾವಣೆ ಬೇರೆ ರೀತಿಯದು.

ಜೂಮ್ ಲೆನ್ಸ್‌ನಲ್ಲಿ ಪ್ರತಿ ಚೌಕಟ್ಟಿಗೂ ಬೇರೆ ಸಂಗಮದೂರ. ಮುಂದಕ್ಕೆ ಸರಿದದ್ದೋ ಜೂಮ್ ಆದದ್ದೋ ಎಂಬುದನ್ನು ಬಿಡಿಸಿ ಹೇಳಲು ಹತ್ತಿರ ಮತ್ತು ದೂರದ ಬಿಂದುಗಳೆರಡೂ ಬೇಕು: ಜೂಮ್ ಎಲ್ಲವನ್ನೂ ಸಮನಾಗಿ ಹಿಗ್ಗಿಸುತ್ತದೆ, ಚಲನೆ ಹತ್ತಿರದ್ದನ್ನು ಹೆಚ್ಚು ಹಿಗ್ಗಿಸುತ್ತದೆ.

ಅನಾಮಾರ್ಫಿಕ್ ಲೆನ್ಸ್‌ಗೆ ಎರಡು ಸಂಗಮದೂರಗಳಿವೆಯೆಂದೇ ಹೇಳಬೇಕು. ಎರಡು ಪಟ್ಟು ಒತ್ತುವ 50 ಮಿ.ಮೀ. ಲೆನ್ಸ್ ಲಂಬವಾಗಿ 50, ಅಡ್ಡವಾಗಿ 25 ಮಿ.ಮೀ. ಲೆನ್ಸ್‌ನಂತೆ ವರ್ತಿಸುತ್ತದೆ. ಫಿಶ್‌ಐ ಲೆನ್ಸ್‌ಗೆ ಮೇಲಿನ ಟ್ಯಾನ್ ಸೂತ್ರವೇ ಅನ್ವಯಿಸದು. ಅದಕ್ಕೆ ಪ್ರತ್ಯೇಕ ಮಾದರಿಗಳಿವೆ.

ಅಗಲ ಲೆನ್ಸ್‌ಗಳು ನೇರ ಗೆರೆಗಳನ್ನು ಹೊರಕ್ಕೆ ಉಬ್ಬಿಸುವುದು ಸಾಮಾನ್ಯ. ಡ್ಯುವೇನ್ ಬ್ರೌನ್ 1966ರಲ್ಲಿ ರೂಪಿಸಿದ ಮಾದರಿ ಈ ವಕ್ರತೆಗೆ ಇಂದಿಗೂ ಆಧಾರ. ವಕ್ರತೆಯ ಗುಣಾಂಕ ಮತ್ತು ಸಂಗಮದೂರ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕಬಲ್ಲವು. ಹಾಗಾಗಿ ಮೊದಲು ನೇರ ಗೆರೆಗಳ ಆಧಾರದಿಂದ ವಕ್ರತೆ ತೆಗೆದು ಬಳಿಕ ಸಾಲ್ವ್ ಮಾಡುವ ಕ್ರಮ ಸ್ಟುಡಿಯೋಗಳಲ್ಲಿದೆ. ಉಬ್ಬು ತೆಗೆದ ಚಿತ್ರ ಮೂಲ ಚೌಕಟ್ಟಿಗಿಂತ ಹಿಗ್ಗುತ್ತದೆ. 1920 ಪಿಕ್ಸೆಲ್‌ನ ಚೌಕಟ್ಟನ್ನು ಶೇ 10ರಷ್ಟು ಹಿಗ್ಗಿಸಿ 2112 ಮಾಡಿದರೆ ಸೆನ್ಸರ್ ಅಗಲವನ್ನೂ 36ರಿಂದ 39.6 ಮಿ.ಮೀ.ಗೆ ಏರಿಸಬೇಕು, ಸಂಗಮದೂರವನ್ನು ಮುಟ್ಟಬಾರದು.

ಸೆನ್ಸರ್ ಮತ್ತು ಕ್ರಾಪ್

ಕ್ಯಾಮೆರಾದ ಕೈಪಿಡಿಯಲ್ಲಿರುವ ಸೆನ್ಸರ್ ಅಗಲ, ಚಿತ್ರೀಕರಣಕ್ಕೆ ಬಳಕೆಯಾದ ಅಗಲವೇ ಆಗಿರಬೇಕೆಂದಿಲ್ಲ. ಹಲವು ಕ್ಯಾಮೆರಾಗಳು ವಿಡಿಯೊಗೆ ಸೆನ್ಸರ್‌ನ ನಡುಭಾಗವನ್ನಷ್ಟೇ ಬಳಸುತ್ತವೆ. 36 × 24 ಸೆನ್ಸರ್‌ನ ಪೂರ್ತಿ ಅಗಲ ಬಳಸಿದರೂ 16:9 ಚಿತ್ರಕ್ಕೆ ಎತ್ತರ 20.25 ಮಿ.ಮೀ. ಮಾತ್ರ, 24 ಎಂದು ಬರೆದರೆ ಲಂಬ ನೋಟಕೋನ ತಪ್ಪುತ್ತದೆ.

ಮೊಬೈಲ್ ಫೋನ್‌ಗಳ ಸಂಖ್ಯೆಗಳು ಇನ್ನೂ ಜಾರುವಂಥವು. 26 ಮಿ.ಮೀ.ಗೆ ಸಮಾನ ಎಂದು ಜಾಹೀರಾತಾಗುವ ಫೋನ್ ಲೆನ್ಸ್‌ನ ನಿಜ ಸಂಗಮದೂರ ಕೆಲವೇ ಮಿಲಿಮೀಟರ್. ಈ ಸಮಾನತೆಯನ್ನು ಕರ್ಣದ ಲೆಕ್ಕದಲ್ಲಿ ಹೇಳಿದ್ದರೆ, 4:3 ಚಿತ್ರದ ಅಡ್ಡ ನೋಟಕೋನ 67.3 ಡಿಗ್ರಿ ಆಗುತ್ತದೆ, 36 ಮಿ.ಮೀ. ಅಗಲ ಹಿಡಿದು ಲೆಕ್ಕ ಹಾಕಿದರೆ ಬರುವ 69.4 ಅಲ್ಲ. ವಿಡಿಯೊ ಸ್ಥಿರೀಕರಣ ಚಾಲೂ ಇದ್ದರೆ ಅಂಚುಗಳು ಮತ್ತಷ್ಟು ಕತ್ತರಿಸಿಹೋಗುತ್ತವೆ. ಪ್ರಧಾನ ಬಿಂದು ಚೌಕಟ್ಟಿನಿಂದ ಚೌಕಟ್ಟಿಗೆ ಓಡಾಡುತ್ತದೆ. ಟ್ರ್ಯಾಕಿಂಗ್‌ಗಾಗಿ ಚಿತ್ರೀಕರಿಸುವಾಗ ಸ್ಥಿರೀಕರಣವನ್ನು ನಿಲ್ಲಿಸಿಡುವುದು ಲೇಸು.

ತಂತ್ರಾಂಶದಿಂದ ತಂತ್ರಾಂಶಕ್ಕೆ ಕ್ಯಾಮೆರಾ ಸಾಗಿಸುವಾಗಲೂ ಎಡವಟ್ಟಾಗುತ್ತದೆ. ಯೂನಿಟಿ ಪೂರ್ವನಿಗದಿಯಾಗಿ ಲಂಬ ನೋಟಕೋನವನ್ನು, ಅನ್‌ರಿಯಲ್ ಅಡ್ಡ ನೋಟಕೋನವನ್ನು ಬಳಸುತ್ತದೆ. ಮಾಯಾದಲ್ಲಿ ಸೆನ್ಸರ್ ಅಗಲ ಇಂಚುಗಳಲ್ಲಿರುತ್ತದೆ, 24.89 ಮಿ.ಮೀ. ಅಲ್ಲಿ 0.980 ಇಂಚು.

ಅಳೆಯುವ ವಿಧಾನಗಳು

ಸೆಟ್ಟಿನಲ್ಲೇ ಅಳೆಯುವುದು ಎಲ್ಲಕ್ಕಿಂತ ಸರಳ. ಗೋಡೆಗೆ ನೇರ ಎದುರಾಗಿ ಕ್ಯಾಮೆರಾ ನಿಲ್ಲಿಸಿ, ಚೌಕಟ್ಟಿನ ಎಡ ಮತ್ತು ಬಲ ಅಂಚು ಬೀಳುವ ಜಾಗಕ್ಕೆ ಗುರುತು ಹಾಕಿ, ನಡುವಿನ ಅಗಲವನ್ನು ಟೇಪಿನಿಂದ ಅಳೆಯುತ್ತಾರೆ. ಮೂರು ಮೀಟರ್ ದೂರದಲ್ಲಿ 2.13 ಮೀಟರ್ ಅಗಲ ಕಂಡರೆ ನೋಟಕೋನ 39.1 ಡಿಗ್ರಿ. ದೂರವನ್ನು ಸೆನ್ಸರ್‌ನಿಂದಲ್ಲ, ಲೆನ್ಸ್‌ನೊಳಗಿನ ಪ್ರವೇಶ ದ್ವಾರದ ಬಿಂಬದಿಂದ ಅಳೆಯಬೇಕು. ಸೂಜಿರಂಧ್ರದ ಸ್ಥಾನ ಅದೇ.

ಕ್ಯಾಮೆರಾ ಸಿಗದಿದ್ದಾಗ ಚಿತ್ರದಲ್ಲಿರುವ ಕಟ್ಟಡವೇ ಆಧಾರ. ಪರಸ್ಪರ ಲಂಬವಾದ ಎರಡು ಗೋಡೆಗಳ ಗೆರೆಗಳನ್ನು ಎಳೆದರೆ ಅವು ಎರಡು ಮಾಯಬಿಂದುಗಳಲ್ಲಿ ಸೇರುತ್ತವೆ. ಕ್ಯಾಮೆರಾ ಸಮತಟ್ಟಾಗಿದ್ದು ಒಂದು ಮಾಯಬಿಂದು ಕೇಂದ್ರದಿಂದ ಎಡಕ್ಕೆ 1500 ಪಿಕ್ಸೆಲ್, ಇನ್ನೊಂದು ಬಲಕ್ಕೆ 4860 ಪಿಕ್ಸೆಲ್ ದೂರವಿದ್ದರೆ, ಅವುಗಳ ಗುಣಲಬ್ಧದ ವರ್ಗಮೂಲ 2700 ಪಿಕ್ಸೆಲ್ ಸಂಗಮದೂರ. ಒಂದೇ ಸ್ಥಿರಚಿತ್ರ ಸಾಕು. ತಿರುಗದ ಟ್ರಾಲಿ ಶಾಟ್‌ಗಳಿಗೆ ಇದೇ ಆಸರೆ.

ಕ್ಯಾಮೆರಾಗಳೇ ಬರೆದಿಡುವ ದಾಖಲೆ ಮೂರನೆಯ ಮೂಲ. ಕುಕ್‌ ಕಂಪನಿಯ ಸ್ಲ್ಯಾಶ್ ಐ, ಆರಿಯ ಎಲ್‌ಡಿಎಸ್ ವ್ಯವಸ್ಥೆಗಳು ಫೋಕಸ್, ಜೂಮ್ ಮಾಹಿತಿಯನ್ನು ಚಿತ್ರದೊಂದಿಗೇ ಸೇರಿಸುತ್ತವೆ. ಇವು ಯಾವುವೂ ಇಲ್ಲದಾಗ ಉಳಿಯುವುದು ತಂತ್ರಾಂಶದ ಸ್ವಯಂ ಅಂದಾಜು. ಅದಕ್ಕೆ ಹತ್ತಿರ ದೂರ ಎರಡರಲ್ಲೂ ಚೌಕಟ್ಟಿನ ಮೂಲೆಗಳವರೆಗೂ ಹರಡಿದ ಬಿಂದುಗಳು ಬೇಕು. ಎಲ್ಲ ಬಿಂದುಗಳೂ ಒಂದೇ ಗೋಡೆಯ ಮೇಲಿದ್ದರೆ ಫಲಿತಾಂಶ ದುರ್ಬಲ. ಬ್ಲೆಂಡರ್ ತನ್ನ ಎರಡು ಆಯ್ದ ಚೌಕಟ್ಟುಗಳಲ್ಲಿ ಕನಿಷ್ಠ ಎಂಟು ಸಮಾನ ಬಿಂದುಗಳನ್ನು ಕೇಳುತ್ತದೆ.

ಬಳಕೆ

ಸಿನಿಮಾದ ದೃಶ್ಯ ಪರಿಣಾಮಗಳೇ ಮುಖ್ಯ ಕ್ಷೇತ್ರ. ಜಗತ್ತಿನ ದೊಡ್ಡ ಚಿತ್ರಗಳ ಮ್ಯಾಚ್‌ಮೂವ್ ಕೆಲಸದಲ್ಲಿ ಸಾಕಷ್ಟು ಭಾಗ ಭಾರತದ ಸ್ಟುಡಿಯೋಗಳಲ್ಲಿ ನಡೆಯುತ್ತದೆ. ಬೆಂಗಳೂರು ಅದರ ಮುಖ್ಯ ಕೇಂದ್ರಗಳಲ್ಲಿ ಒಂದು. ಎಂಪಿಸಿ ಸೇರಿದ್ದ ಟೆಕ್ನಿಕಲರ್ ಸಮೂಹ ಇಲ್ಲಿ ದೊಡ್ಡ ಕಚೇರಿ ನಡೆಸಿ, 2025ರ ಆರಂಭದಲ್ಲಿ ಕುಸಿಯಿತು. ದೂರದ ಊರಿನಲ್ಲಿ ಚಿತ್ರೀಕರಣವಾಗಿ ಇಲ್ಲಿ ಟ್ರ್ಯಾಕಿಂಗ್ ಆಗುವಾಗ ಕಲಾವಿದನ ಕೈಗೆ ಸಿಗುವುದು ಚಿತ್ರ ಮತ್ತು ಕ್ಯಾಮೆರಾ ವರದಿಯ ಹಾಳೆ. ಆ ಹಾಳೆಯಲ್ಲಿ ಲೆನ್ಸ್ ಸಂಖ್ಯೆಯ ಜೊತೆ ಸೆನ್ಸರ್ ವಿಧಾನವೂ ಇರಬೇಕಾದದ್ದು ಅಗತ್ಯ.

ಎಲ್‌ಇಡಿ ಗೋಡೆಗಳ ಮುಂದೆ ನಡೆಯುವ ಚಿತ್ರೀಕರಣ 2019ರ ‘ದಿ ಮ್ಯಾಂಡಲೋರಿಯನ್’ ಸರಣಿಯಿಂದ ಹೆಸರಾಯಿತು. ಅಲ್ಲಿ ಕ್ಯಾಮೆರಾದ ಸ್ಥಾನ ಮತ್ತು ನೋಟಕೋನವನ್ನು ಚಿತ್ರೀಕರಣದ ಕ್ಷಣದಲ್ಲೇ ಪಡೆದು ಗೋಡೆಯ ಮೇಲಿನ ಹಿನ್ನೆಲೆಯನ್ನು ಬದಲಿಸಲಾಗುತ್ತದೆ. ಕಟ್ಟಡಗಳ ಮೂರು ಆಯಾಮದ ದಾಖಲಾತಿ, ಡ್ರೋನ್ ನಕ್ಷೆ, ರೋಬೊಗಳ ದಾರಿ ಗುರುತಿಸುವಿಕೆಗೂ ಇದೇ ಗಣಿತ ಆಧಾರ. ಫೋನ್‌ಗಳ ಎಆರ್‌ಕಿಟ್ ಮತ್ತು ಎಆರ್‌ಕೋರ್ ವ್ಯವಸ್ಥೆಗಳು ಕ್ಯಾಮೆರಾದ ಒಳ ಅಳತೆಗಳ ಜೊತೆಗೆ ಚಲನಾ ಸಂವೇದಕಗಳನ್ನೂ ಬಳಸಿಕೊಳ್ಳುತ್ತವೆ.

ಸದ್ಯದ ಸ್ಥಿತಿ

2020ರಲ್ಲಿ ಬಂದ ನೆರ್ಫ್, 2023ರ ಗಾಸಿಯನ್ ಸ್ಪ್ಲಾಟಿಂಗ್ ವಿಧಾನಗಳು ಚಿತ್ರಗಳಿಂದ ಇಡೀ ದೃಶ್ಯವನ್ನೇ ಮರುಸೃಷ್ಟಿಸುತ್ತವೆ. ಆದರೆ ಕ್ಯಾಮೆರಾ ಎಲ್ಲಿತ್ತು, ನೋಟಕೋನ ಎಷ್ಟು ಎಂಬುದನ್ನು ಅವು ಬೇರೆ ತಂತ್ರಾಂಶದಿಂದ, ಹೆಚ್ಚಾಗಿ ಕೋಲ್‌ಮ್ಯಾಪ್‌ನಿಂದ, ಪಡೆಯುತ್ತವೆ. 2024ರ ಡಸ್ಟರ್, 2025ರ ವಿಜಿಜಿಟಿ ಮೊದಲಾದ ನರಜಾಲ ಮಾದರಿಗಳು ಅಪಾರ ದತ್ತಾಂಶದಿಂದ ಕಲಿತು, ಕೆಲವೇ ಚಿತ್ರಗಳಿಂದ ಆಳ ಮತ್ತು ನೋಟಕೋನ ಎರಡನ್ನೂ ಅಂದಾಜಿಸುತ್ತವೆ. ತಿರುಗದ ಕ್ಯಾಮೆರಾದಂಥ ಶಾಟ್‌ಗಳಲ್ಲಿ ಇವು ನೀಡುವುದು ಲೆಕ್ಕದಿಂದ ಹೊರಟ ಉತ್ತರವಲ್ಲ. ಬಾಗಿಲು, ಕಾರು, ಮನುಷ್ಯರು ಸಾಮಾನ್ಯವಾಗಿ ಹೇಗೆ ಕಾಣುತ್ತಾರೆಂಬ ಕಲಿಕೆಯಿಂದ ಬಂದ ಊಹೆ. ಸಿನಿಮಾದ ನಿಖರತೆ ಬೇಕಾದಲ್ಲಿ ಅಳತೆ ತೆಗೆದ ಲೆನ್ಸ್ ಮಾಹಿತಿಯನ್ನೇ ಇನ್ನೂ ಆಶ್ರಯಿಸಲಾಗುತ್ತಿದೆ.

ಕೋಲ್‌ಮ್ಯಾಪ್‌ನ ಕ್ಯಾಮೆರಾ ಕಡತದಲ್ಲಿ ಮಿಲಿಮೀಟರ್ ಎಂಬ ಮಾನವೇ ಇಲ್ಲ. ಸಂಗಮದೂರ ಪಿಕ್ಸೆಲ್‌ಗಳಲ್ಲೇ ಇರುತ್ತದೆ. ಚಿತ್ರದೊಳಗೆ ಲೆನ್ಸ್ ಮಾಹಿತಿ ಸಿಗದಿದ್ದರೆ ಅದು ಚಿತ್ರದ ದೊಡ್ಡ ಬದಿಯ 1.2 ಪಟ್ಟನ್ನು ಆರಂಭದ ಅಂದಾಜಾಗಿ ಹಿಡಿಯುತ್ತದೆ: 1920 ಪಿಕ್ಸೆಲ್ ಅಗಲದ ಚಿತ್ರಕ್ಕೆ 2304 ಪಿಕ್ಸೆಲ್, ನೋಟಕೋನದಲ್ಲಿ 45.2 ಡಿಗ್ರಿ.